ಪೂರ್ವಗ್ರಹವನ್ನು ರೋಗವೆನ್ನಬಹುದೇ? ‘ಚೋಮನ ದುಡಿ’ಯ ಒಂದು ಮರು ಓದು

ಜಾತೀಯತೆ ಸಮಾಜಕ್ಕೆ ಅಂಟಿದ ರೋಗ, ಕೋಮುದ್ವೇಷ ಒಂದು ಕ್ಯಾನ್ಸರ್, ವರ್ಣಭೇದ ಒಂದು ಪಿಡುಗು ಎಂಬ ಮಾತುಗಳನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ವೃತ್ತಿಜೀವನವನ್ನೆಲ್ಲ ರೋಗಿಗಳ ನಡುವೆ ಕಳೆದ ನನಗೆ ಈ ಹೋಲಿಕೆ ಸ್ವಲ್ಪ ಕಸಿವಿಸಿ ಉಂಟುಮಾಡುತ್ತದೆ. ರೋಗ ಒಬ್ಬ ವ್ಯಕ್ತಿಯ ಶರೀರದಲ್ಲಿ ಇರುವಂಥದ್ದು. ರೋಗ ಬಂದುದಕ್ಕೆ ರೋಗಿಯನ್ನು ನಾವು ದೂಷಿಸುವುದಿಲ್ಲ. ಅಲ್ಲದೆ, ರೋಗ ತಗಲದವರು ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ನೆಮ್ಮದಿಯಿಂದ ಇರಬಹುದು. ಪೂರ್ವಗ್ರಹದ ವಿಷಯದಲ್ಲಿ ಈ ಮೂರು ಮಾತುಗಳಲ್ಲಿ ಒಂದೂ ಸರಿಯಾಗಿ ಹೊಂದುವುದಿಲ್ಲ. ಅದರಲ್ಲೂ ಮೂರನೆಯದು ಅಪಾಯಕಾರಿ. ಏಕೆಂದರೆ, ಯಾರನ್ನೂ ದ್ವೇಷಿಸದ ಸಜ್ಜನರ ಸಹಕಾರವಿಲ್ಲದೆ ಪೂರ್ವಗ್ರಹ ಒಂದು ದಿನವೂ ಬಾಳಲಾರದು.

ಈ ಮಾತನ್ನು ಸಮಾಜ ಮನೋವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸುವುದಕ್ಕೆ ಎಷ್ಟೋ ಮೊದಲೇ ನಮ್ಮ ಭಾಷೆಯ ಒಂದು ಸಣ್ಣ ಕಾದಂಬರಿ ತೋರಿಸಿಬಿಟ್ಟಿತ್ತು. ಅದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಪ್ರಕಟವಾದ ಈ ಕೃತಿಯನ್ನು ನಮ್ಮಲ್ಲಿ ಹಲವರು ಶಾಲಾ ಕಾಲೇಜು ದಿನಗಳಲ್ಲಿ ಓದಿದ್ದೇವೆ. ಓದದವರು ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ಚಲನಚಿತ್ರವನ್ನಾದರೂ ನೋಡಿರುತ್ತಾರೆ. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವೂ, ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ದೊರೆತವು. ಈ ಲೇಖನದಲ್ಲಿ ಕಾದಂಬರಿಯನ್ನು ಸಮಾಜ ಮನೋವಿಜ್ಞಾನದ ಬೆಳಕಿನಲ್ಲಿ ಓದಿ, ಅದರ ಬಲವನ್ನೂ ಮಿತಿಯನ್ನೂ ಗುರುತಿಸಿ, ಬಹರೈನಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಅದರಿಂದ ಏನು ತಿಳಿಯಬೇಕಾಗಿದೆ ಎಂದು ಹೇಳಲು ಪ್ರಯತ್ನಿಸಿದ್ದೇನೆ.

ಅಚ್ಚು ಮತ್ತು ಅಳತೆ

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಒಂದು ಗುಂಪಿನ ಜನರೆಲ್ಲ ಹೀಗೆಯೇ ಎಂದು ಮನಸ್ಸಿನಲ್ಲಿ ಮಾಡಿಟ್ಟುಕೊಂಡ ಚಿತ್ರ ಒಂದು. ಆ ಚಿತ್ರವನ್ನು ನಂಬಿ, ಎದುರಿಗೆ ನಿಂತ ಮನುಷ್ಯನ ಬಗ್ಗೆ ವಿಚಾರಿಸುವ ಮೊದಲೇ ಕೊಟ್ಟುಬಿಡುವ ತೀರ್ಪು ಇನ್ನೊಂದು. ಎರಡನೆಯದನ್ನು ಪೂರ್ವಗ್ರಹ ಎನ್ನುತ್ತೇವೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಸ್ಟೀರಿಯೋಟೈಪ್ ಎಂಬ ಹೆಸರಿದೆ. ಮುದ್ರಣಾಲಯದಲ್ಲಿ ಒಂದೇ ಪುಟವನ್ನು ಸಾವಿರಾರು ಸಲ ಒತ್ತಲು ಬಳಸುತ್ತಿದ್ದ ಲೋಹದ ಫಲಕದ ಹೆಸರು ಅದು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಆ ಪದವನ್ನು ಮನಸ್ಸಿನ ವ್ಯಾಪಾರಕ್ಕೆ ಅನ್ವಯಿಸಿದರು. ನಮಗೆ ಬೆಲ್ಲದ ಅಚ್ಚಿನ ಪರಿಚಯ ಇರುವುದರಿಂದ ‘ಅಚ್ಚು’ ಎಂಬ ಪದವೇ ಸಾಕು. ಯಾವ ಗದ್ದೆಯ ಕಬ್ಬಿನ ಪಾಕ ಹೊಯ್ದರೂ ಹೊರಗೆ ಬರುವ ಆಕಾರ ಒಂದೇ.

ಅಚ್ಚಿಲ್ಲದೆ ಯೋಚಿಸುವುದು ಯಾರಿಗೂ ಸಾಧ್ಯವಿಲ್ಲ ಎಂಬುದನ್ನೂ ಒಪ್ಪಬೇಕು. ನಡುವಯಸ್ಸಿನ ಗಂಡಸೊಬ್ಬ ಎದೆನೋವು, ಬೆವರು ಎಂದು ಬಂದರೆ ವೈದ್ಯ ಮೊದಲು ಹೃದಯವನ್ನು ಶಂಕಿಸುತ್ತಾನೆ. ಅದು ಅನುಭವದಿಂದ ಬಂದ ಅಳತೆ. ಆದರೆ ಇ.ಸಿ.ಜಿ.ಯೂ ರಕ್ತಪರೀಕ್ಷೆಯೂ ಬೇರೆಯೇ ಹೇಳಿದರೆ ಅವನು ತನ್ನ ಊಹೆಯನ್ನು ಬಿಟ್ಟುಕೊಡುತ್ತಾನೆ. ಪೂರ್ವಗ್ರಹದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಪರೀಕ್ಷೆಯ ಫಲಿತಾಂಶವನ್ನೇ ಪಕ್ಕಕ್ಕಿಡಲಾಗುತ್ತದೆ. ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್ 1954ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಬೇಲಿಯ ಹೋಲಿಕೆಯಿಂದ ವಿವರಿಸಿದ್ದಾರೆ. ನಮ್ಮ ಅಭಿಪ್ರಾಯಕ್ಕೆ ಹೊಂದದ ಒಬ್ಬ ಮನುಷ್ಯ ಎದುರಾದಾಗ, ಬೇಲಿಯನ್ನು ಒಂದು ಗಳಿಗೆ ಸರಿಸಿ ಅವನನ್ನು ಅಪವಾದವೆಂದು ಒಳಗೆ ಬಿಟ್ಟುಕೊಂಡು, ಬೇಲಿಯನ್ನು ಮತ್ತೆ ಭದ್ರಪಡಿಸುತ್ತೇವೆ. “ನೀವು ಬಿಡಿ, ನೀವು ಅವರಂತಲ್ಲ” ಎಂಬ ಮಾತನ್ನು ಹೊಗಳಿಕೆಯೆಂದು ತಿಳಿದು ಹೇಳುವವರು ನಮ್ಮಲ್ಲಿ ಬಹಳ ಮಂದಿ. ಕೇಳಿದವರಿಗೆ ಅದು ಹೊಗಳಿಕೆಯಾಗಿ ಕೇಳಿಸುವುದಿಲ್ಲ. ತನ್ನವರನ್ನೆಲ್ಲ ಹೊರಗೆ ನಿಲ್ಲಿಸಿ ತನಗೊಬ್ಬನಿಗೆ ಬಾಗಿಲು ತೆರೆದರು ಎಂಬುದು ಅವನಿಗೆ ಅರ್ಥವಾಗುತ್ತದೆ.

ಇದಕ್ಕೆ ದ್ವೇಷ ಬೇಕೇ ಬೇಕು ಎಂದಿಲ್ಲ. 1993ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲಾಸ್ ಏಂಜಲಿಸ್ ನಗರದ ತುರ್ತು ಚಿಕಿತ್ಸಾ ವಿಭಾಗವೊಂದರ ಅಧ್ಯಯನ ಪ್ರಕಟವಾಯಿತು. ಕೈಕಾಲಿನ ಉದ್ದ ಮೂಳೆ ಮುರಿದುಕೊಂಡು ಬಂದವರಲ್ಲಿ, ನೋವಿನ ಔಷಧವೇ ಸಿಗದವರ ಪ್ರಮಾಣ ಬಿಳಿಯರಿಗಿಂತ ಲ್ಯಾಟಿನ್ ಅಮೆರಿಕ ಮೂಲದವರಲ್ಲಿ ಎರಡು ಪಟ್ಟು ಇತ್ತು. ಅಲ್ಲಿನ ವೈದ್ಯರು ಆ ಜನರನ್ನು ದ್ವೇಷಿಸುತ್ತಿದ್ದರೆಂದು ಭಾವಿಸಲು ಕಾರಣವಿಲ್ಲ. ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡಿದ ವೈದ್ಯರಿಗೆ ಇಂಥದ್ದೇ ಒಂದು ಅಚ್ಚು ಪರಿಚಿತ. ಬೇಸಿಗೆಯಲ್ಲಿ ಕಟ್ಟಡ ಕಾರ್ಮಿಕನೊಬ್ಬ ತಲೆಸುತ್ತು, ಕಾಲಿನ ಸೆಳೆತ ಎಂದು ಬಂದರೆ, ಅವನು ಬಾಯಿ ತೆರೆಯುವ ಮೊದಲೇ “ಸಿಕ್ ಲೀವ್ ಗಿರಾಕಿ” ಎಂಬ ಪಿಸುಮಾತು. ಬಿಸಿಲಿನಲ್ಲಿ ಉಪ್ಪೂ ನೀರೂ ಕಳೆದುಕೊಂಡ ಶರೀರದ ಲಕ್ಷಣಗಳು ಕೂಡ ಅವೇ ಎಂಬುದು ಹಾಗೆ ಪಿಸುಗುಟ್ಟುವವರಿಗೆ ತಿಳಿಯದ ಸಂಗತಿಯಲ್ಲ.

ಸಂಕಪ್ಪಯ್ಯನ ಮನಸ್ಸು

ಎರಡನೆಯ ಮಹಾಯುದ್ಧದ ನಂತರ ಪಾಶ್ಚಾತ್ಯ ವಿದ್ವಾಂಸರನ್ನು ಕಾಡಿದ ಪ್ರಶ್ನೆ, ನಾಜಿಗಳಂಥವರು ಹೇಗೆ ಹುಟ್ಟುತ್ತಾರೆ ಎಂಬುದು. ಥಿಯೋಡರ್ ಅಡೋರ್ನೊ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಗ್ರಂಥ, ಬಾಲ್ಯದ ಕಠಿಣ ಶಿಸ್ತಿನಿಂದ ರೂಪುಗೊಂಡ ಒಂದು ಬಗೆಯ ವ್ಯಕ್ತಿತ್ವದಲ್ಲಿ ಪೂರ್ವಗ್ರಹದ ಬೇರನ್ನು ಕಂಡಿತು. ರೋಗದ ಹೋಲಿಕೆಗೆ ಶಾಸ್ತ್ರದ ಬಲ ಸಿಕ್ಕಿದ್ದು ಇಲ್ಲಿ. ಆದರೆ ಥಾಮಸ್ ಪೆಟಿಗ್ರೂ 1958ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯ ವಿದ್ಯಾರ್ಥಿಗಳನ್ನು ಅದೇ ಅಳತೆಗೋಲಿನಿಂದ ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡುಬಂತು. ಅವರಲ್ಲಿ ಕರಿಯರ ವಿರುದ್ಧ ಪೂರ್ವಗ್ರಹ ಬಹಳವಿತ್ತು, ಆದರೆ ವ್ಯಕ್ತಿತ್ವದ ಆ ‘ರೋಗ’ ವಿಶೇಷವಾಗಿ ಹೆಚ್ಚಿರಲಿಲ್ಲ. ಅವರು ತಮ್ಮ ಸಮಾಜದ ರೂಢಿಗೆ ಹೊಂದಿಕೊಂಡ ಸಾಧಾರಣ ಯುವಕರು. ಪೆಟಿಗ್ರೂ ಅವರ ವಾದದ ತಿರುಳನ್ನು ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, “ನಾಲ್ಕು ಜನ ಏನೆಂದಾರು” ಎಂಬುದೇ ಅದರ ಬೇರು.

ಈಗ ಕಾದಂಬರಿಗೆ ಬರೋಣ. ದಕ್ಷಿಣ ಕನ್ನಡದ ಹಳ್ಳಿಯೊಂದರ ಜೀತದಾಳು ಚೋಮನಿಗೆ ಇರುವುದು ಒಂದೇ ಆಸೆ. ತುಂಡು ಭೂಮಿ ಪಡೆದು ತಾನೇ ಬೇಸಾಯ ಮಾಡಬೇಕು. ಅದಕ್ಕಾಗಿ ಎರಡು ಎತ್ತುಗಳನ್ನೂ ಸಾಕಿಕೊಂಡಿದ್ದಾನೆ. ಆದರೆ ಅವನ ಜಾತಿಯವರು ಒಕ್ಕಲಾಗಿ ಭೂಮಿ ಹಿಡಿಯುವುದು ಪದ್ಧತಿಯಲ್ಲಿ ಇಲ್ಲ. ಧಣಿ ಸಂಕಪ್ಪಯ್ಯ ಕ್ರೂರಿಯಲ್ಲ. ಚೋಮನ ಆಸೆಯ ಬಗ್ಗೆ ಅವನ ಮನಸ್ಸು ಮೃದುವಾಗಿಯೇ ಇದೆ. ಅವನನ್ನು ತಡೆಯುವುದು ಮನೆಯೊಳಗಿನ ತಾಯಿಯ ವಿರೋಧ ಮತ್ತು ಆ ವಿರೋಧದ ಹಿಂದೆ ನಿಂತ ಇಡೀ ಊರಿನ ಆಚಾರ. ಕಾರಂತರು ಇಲ್ಲಿ ಒಬ್ಬ ರಾಕ್ಷಸನನ್ನು ಸೃಷ್ಟಿಸಬಹುದಿತ್ತು. ಓದುಗನಿಗೆ ಅದು ಸುಲಭವಾಗುತ್ತಿತ್ತು, ಸಿಟ್ಟು ತೀರಿಸಿಕೊಳ್ಳಲು ಒಬ್ಬ ಸಿಗುತ್ತಿದ್ದ. ಹಾಗೆ ಮಾಡದೆ ಒಬ್ಬ ಒಳ್ಳೆಯ ಮನುಷ್ಯನನ್ನು ಅಲ್ಲಿ ಕೂರಿಸಿ, ಅವನ ಒಳ್ಳೆಯತನದಿಂದ ಚೋಮನಿಗೆ ಒಂದು ಸೇರು ಭತ್ತದಷ್ಟೂ ಪ್ರಯೋಜನವಾಗದಂತೆ ಬರೆದರು. ನನ್ನ ಅಭಿಪ್ರಾಯದಲ್ಲಿ ಕಾದಂಬರಿಯ ನಿಜವಾದ ಸಾಧನೆ ಇದು. ಚೋಮನ ದುರಂತದ ಬಗ್ಗೆ ವಿಮರ್ಶಕರು ಬರೆದಷ್ಟು ಸಂಕಪ್ಪಯ್ಯನ ಬಗ್ಗೆ ಬರೆದಿಲ್ಲ. ಆದರೆ ಪೂರ್ವಗ್ರಹದ ಅಧ್ಯಯನಕ್ಕೆ ಮುಖ್ಯ ಪಾತ್ರ ಅವನೇ. ಓದುಗರಲ್ಲಿ ಬಹುಪಾಲು ಜನ ಹೋಲುವುದು ಅವನನ್ನು.

ಕಾದಂಬರಿ ಬಂದ ಮರುವರ್ಷ, 1934ರಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಒಂದು ಲೇಖನ ಪ್ರಕಟಿಸಿದರು. ಚೀನೀಯರ ವಿರುದ್ಧ ಅಲ್ಲಿ ತೀವ್ರ ಪೂರ್ವಗ್ರಹವಿದ್ದ ಕಾಲವದು. ಅವರು ಒಬ್ಬ ಚೀನೀ ವಿದ್ಯಾರ್ಥಿ ಮತ್ತು ಅವನ ಪತ್ನಿಯೊಡನೆ ದೇಶ ಸುತ್ತಿ, ಸುಮಾರು 250 ವಸತಿಗೃಹ, ಉಪಾಹಾರ ಗೃಹಗಳಿಗೆ ಹೋದರು. ಒಂದೇ ಒಂದು ಕಡೆ ಮಾತ್ರ ಪ್ರವೇಶ ಸಿಗಲಿಲ್ಲ. ಕೆಲವು ತಿಂಗಳ ನಂತರ ಅವೇ ಸ್ಥಳಗಳಿಗೆ ಪತ್ರ ಬರೆದು, ಚೀನೀಯರನ್ನು ಸ್ವೀಕರಿಸುವಿರಾ ಎಂದು ಕೇಳಿದರೆ, ಉತ್ತರಿಸಿದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಇಲ್ಲ ಎಂದರು. ನಗುಮುಖದ ಅತಿಥಿ ಎದುರಿಗೆ ನಿಂತಾಗ ಒಂದು ವರ್ತನೆ, ಕಾಗದದ ಮೇಲೆ ಇನ್ನೊಂದು. ಸಂಕಪ್ಪಯ್ಯನದು ಇದರ ತಿರುಗುಮುರುಗು: ಮನಸ್ಸಿನಲ್ಲಿ ಹೌದು, ಊರಿನ ಎದುರು ಇಲ್ಲ. ಎರಡೂ ಕಡೆ ತಿಳಿಯುವುದು ಒಂದೇ. ಮನಸ್ಸಿನಲ್ಲಿ ಏನಿದೆ ಎಂಬುದರಿಂದ ಮನುಷ್ಯ ಏನು ಮಾಡುತ್ತಾನೆ ಎಂದು ಹೇಳಲಾಗದು. ಯಾರ ಎದುರು, ಯಾವ ಸನ್ನಿವೇಶದಲ್ಲಿ ಎಂಬುದನ್ನೂ ನೋಡಬೇಕು.

ಇದರ ಅತ್ಯಂತ ಘೋರ ರೂಪ ಚೋಮನ ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವ ಪ್ರಸಂಗ. ದಡದಲ್ಲಿ ಜನರಿದ್ದಾರೆ. ಮಗು ಅಸ್ಪೃಶ್ಯನದು. ನೀರಿಗಿಳಿಯುವ ಮನಸ್ಸಿದ್ದವನನ್ನೂ ಸುತ್ತಲಿನವರ ಮಡಿ ತಡೆಯುತ್ತದೆ. ಆ ಮಗು ಸಾಯಲಿ ಎಂದು ದಡದಲ್ಲಿದ್ದ ಯಾರೂ ಬಯಸಬೇಕಾಗಿರಲಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತ ನಿಂತರೆ ಸಾಕಾಗಿತ್ತು.

ಕರುಣೆಯೂ ಒಂದು ಅಚ್ಚು

ಇಷ್ಟು ಹೊಗಳಿದ ಮೇಲೆ ಕೃತಿಯ ಮಿತಿಯನ್ನೂ ಹೇಳಬೇಕು. ಚೋಮ ನಮ್ಮ ಕಣ್ಣಲ್ಲಿ ನೀರು ತರಿಸುತ್ತಾನೆ. ಆದರೆ ಅವನು ಮಾಡಿದ ಯಾವ ಕೆಲಸವೂ ಕೈಗೂಡುವುದಿಲ್ಲ. ತೋಟದ ಸಾಲಕ್ಕಾಗಿ ದುಡಿಯಲು ಹೋದ ಮಕ್ಕಳು ಕೈತಪ್ಪುತ್ತಾರೆ, ಮಗಳು ಬೆಳ್ಳಿ ತೋಟದವರ ಬಲೆಗೆ ಬೀಳುತ್ತಾಳೆ. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಹೊರಟವನು ತನ್ನ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಕೊನೆಗೆ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ. ಪುಸ್ತಕ ಮುಚ್ಚಿದಾಗ ಓದುಗನಲ್ಲಿ ಉಳಿಯುವುದು ಕರುಣೆ. ‘ಪಾಪ, ಮುಗ್ಧ ಜನ, ಅವರಿಂದ ಏನಾದೀತು’ ಎಂಬ ಭಾವ ಆ ಕರುಣೆಯ ಪಕ್ಕದಲ್ಲೇ ಇರುತ್ತದೆ.

ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದ ಸಿದ್ಧಾಂತ ಇಲ್ಲಿ ಉಪಯುಕ್ತ. ನಾವು ಬೇರೆ ಗುಂಪುಗಳನ್ನು ಎರಡು ಪ್ರಶ್ನೆಗಳಿಂದ ಅಳೆಯುತ್ತೇವೆ: ಇವರು ಒಳ್ಳೆಯವರೇ? ಇವರು ಸಮರ್ಥರೇ? ಸಮರ್ಥರು ಆದರೆ ಒಳ್ಳೆಯವರಲ್ಲ ಎಂದು ಕಂಡವರ ಬಗ್ಗೆ ಅಸೂಯೆ, ಎರಡೂ ಅಲ್ಲ ಎಂದು ಕಂಡವರ ಬಗ್ಗೆ ತಿರಸ್ಕಾರ, ಒಳ್ಳೆಯವರು ಆದರೆ ಅಸಮರ್ಥರು ಎಂದು ಕಂಡವರ ಬಗ್ಗೆ ಕರುಣೆ. ಕರುಣೆ ಎಂಬುದು ಪೂರ್ವಗ್ರಹಕ್ಕೆ ಮದ್ದು ಎಂದು ನಾವು ತಿಳಿದಿರುತ್ತೇವೆ. ಈ ಸಿದ್ಧಾಂತದ ಪ್ರಕಾರ ಅದೂ ಪೂರ್ವಗ್ರಹದ ಮನೆಯೊಳಗಿನ ಒಂದು ಕೋಣೆ. ಕರುಣೆ ತೋರಿಸುವವನು ಊಟ ಕೊಟ್ಟಾನು, ಹಳೆಯ ಬಟ್ಟೆ ಕೊಟ್ಟಾನು. ಭೂಮಿ ಕೊಡುವುದು, ಕುರ್ಚಿ ಕೊಡುವುದು, ಹೆಣ್ಣು ಕೊಡುವುದು ಬೇರೆ ಮಾತು.

ಈ ಕೊರತೆಯನ್ನು ಕನ್ನಡ ಸಾಹಿತ್ಯ ತಾನೇ ತುಂಬಿಕೊಂಡಿತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದು, ಅದರ ವಿರುದ್ಧ ಎದ್ದ ಗಲಾಟೆ, ಅವರ ರಾಜೀನಾಮೆ ನನ್ನ ವಯಸ್ಸಿನವರಿಗೆ ಗೊತ್ತಿರುವ ಚರಿತ್ರೆ. ಆ ಬಿಸಿಯ ನಂತರದ ವರ್ಷಗಳಲ್ಲಿ ಬಂದ ದೇವನೂರ ಮಹಾದೇವರ ‘ಒಡಲಾಳ’ವನ್ನು ‘ಚೋಮನ ದುಡಿ’ಯ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿನ ಮುದುಕಿ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಬಡತನ ಅಲ್ಲಿಯೂ ಅಷ್ಟೇ ಇದೆ, ಪೊಲೀಸರ ದರ್ಪವೂ ಇದೆ. ಆದರೆ ಒಬ್ಬೊಬ್ಬರೂ ಬೇರೆ ಬೇರೆ. ಜಗಳವಾಡುವವರು, ನಗುವವರು, ಹಟಮಾರಿಗಳು, ಕನಸು ಕಾಣುವ ಮಕ್ಕಳು. ಪರರ ಗುಂಪಿನವರೆಲ್ಲ ಒಂದೇ ಥರ, ನಮ್ಮವರು ಮಾತ್ರ ನೂರು ಥರ ಎಂದು ಕಾಣುವುದು ಮನಸ್ಸಿನ ಒಂದು ಸಾಮಾನ್ಯ ದೋಷ. ‘ಒಡಲಾಳ’ ಓದಿದವನಿಗೆ ಆ ದೋಷವನ್ನು ಉಳಿಸಿಕೊಳ್ಳುವುದು ಕಷ್ಟ. ಕಾರಂತರು ದಡದಲ್ಲಿ ನಿಂತವರನ್ನು ತೋರಿಸಿದರು, ಮಹಾದೇವ ಹೊಳೆಯೊಳಗಿನವರ ಕಣ್ಣಿನಿಂದ ತೋರಿಸಿದರು. ಎರಡೂ ಬೇಕು.

ಗಣಿಯ ಒಳಗೆ, ಗಣಿಯ ಹೊರಗೆ

ಇದೆಲ್ಲ ತೊಂಬತ್ತು ವರ್ಷದ ಹಿಂದಿನ ಹಳ್ಳಿಯ ಕಥೆಯಲ್ಲವೇ, ಬಹರೈನಿನಲ್ಲಿರುವ ನಮಗೇಕೆ ಎಂದು ಕೇಳಬಹುದು. ಮನಾಮಾದ ಡಿಪ್ಲೊಮ್ಯಾಟಿಕ್ ಏರಿಯಾವನ್ನು ನೆನಪಿಸಿಕೊಳ್ಳಿ. ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ನೆಲದ ಮೇಲೆ ಬ್ಯಾಂಕುಗಳು, ಸರಕಾರಿ ಕಚೇರಿಗಳು, ಹೋಟೆಲುಗಳು ಎದ್ದಿವೆ. ಈ ದೇಶದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿನಿಂದ ಬಂದವರು. ಬೆಳಗ್ಗೆ ಎಂಟರ ಲಿಫ್ಟಿನಲ್ಲಿ ಬಹರೈನಿ, ಮಲಯಾಳಿ, ಫಿಲಿಪಿನೊ, ಪಾಕಿಸ್ತಾನಿ, ಈಜಿಪ್ಟಿನವರು, ನಮ್ಮ ಮಂಗಳೂರಿನವರು, ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಜನ ಹತ್ತಿರ ಬಂದರೆ ಪೂರ್ವಗ್ರಹ ತಾನಾಗಿ ಕರಗುವುದಾದರೆ, ಲೋಕದಲ್ಲಿ ಮೊದಲು ಕರಗಬೇಕಾದದ್ದು ಇಲ್ಲಿ.

ಆಲ್‌ಪೋರ್ಟ್ ಬರಿಯ ಸಾಮೀಪ್ಯ ಸಾಕೆಂದು ಹೇಳಿರಲಿಲ್ಲ. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ದುಡಿಯುವ ಅಗತ್ಯ, ಮೇಲಿನವರ ಮತ್ತು ಕಾನೂನಿನ ಬೆಂಬಲ ಎಂಬ ನಾಲ್ಕು ಅಂಶಗಳನ್ನು ಮುಂದಿಟ್ಟಿದ್ದರು. ಇವು ಇದ್ದ ಕಡೆಯೂ ಅದರ ಫಲ ಹೊಸ್ತಿಲು ದಾಟುವುದಿಲ್ಲ ಎಂಬುದಕ್ಕೆ ಮಿನಾರ್ಡ್ ಎಂಬ ಸಂಶೋಧಕರ 1952ರ ಅಧ್ಯಯನ ಸಾಕ್ಷಿ. ಅಮೆರಿಕದ ಪಶ್ಚಿಮ ವರ್ಜೀನಿಯದ ಕಲ್ಲಿದ್ದಲು ಗಣಿಗಳಲ್ಲಿ ಬಿಳಿಯರೂ ಕರಿಯರೂ ನೆಲದಡಿಯಲ್ಲಿ ಒಟ್ಟಿಗೆ, ಒಬ್ಬರ ಜೀವಕ್ಕೆ ಇನ್ನೊಬ್ಬರು ಆಸರೆಯಾಗಿ ದುಡಿಯುತ್ತಿದ್ದರು. ಮೇಲೆ ಬಂದ ಕೂಡಲೇ ಬೇರೆ ಬೇರೆ ಕೇರಿ, ಬೇರೆ ಬೇರೆ ಬದುಕು. ಬಿಳಿಯ ಗಣಿಗಾರರಲ್ಲಿ ನೂರಕ್ಕೆ ಸುಮಾರು 20 ಮಂದಿ ಎರಡೂ ಕಡೆ ಸ್ನೇಹದಿಂದಿದ್ದರು, ಸುಮಾರು 20 ಮಂದಿ ಎರಡೂ ಕಡೆ ಪೂರ್ವಗ್ರಹಿಗಳು. ಉಳಿದ 60 ಮಂದಿ ಗಣಿಯ ಬಾಯಿಯಲ್ಲಿ ತಮ್ಮ ನಡತೆಯನ್ನು ಬದಲಿಸುತ್ತಿದ್ದರು. ಆ 60 ಮಂದಿ ಸಂಕಪ್ಪಯ್ಯನ ವಂಶದವರು.

ನಮ್ಮಲ್ಲಿಯೂ ಲಿಫ್ಟಿನ ಬಾಗಿಲು ಗಣಿಯ ಬಾಯಿಯ ಕೆಲಸ ಮಾಡುತ್ತದೆ. ಕಚೇರಿಯಲ್ಲಿ ಒಂದೇ ಮೇಜು. ಬುತ್ತಿ ಬಿಚ್ಚುವಾಗ ಭಾಷೆಗೊಂದು ಗುಂಪು. ಸಂಜೆ ಗೋಡೆಯ ಮೇಲಿನ ಚೀಟಿಗಳಲ್ಲಿ ಬೆಡ್ ಸ್ಪೇಸ್ ಇಂಥ ರಾಜ್ಯದವರಿಗೆ ಮಾತ್ರ, ಇಂಥ ಮತದವರಿಗೆ ಮಾತ್ರ. ‘ಬಂಗಾಲಿ’ ಎಂಬುದು ಒಂದು ದೇಶದ ಜನರ ಹೆಸರಾಗಿ ಉಳಿಯದೆ ಕೆಲಸವೊಂದರ ಹೆಸರಾಗಿ ಹೋಗಿದೆ. ನಮ್ಮ ನಾಟಕ, ಕಿರುಪ್ರಹಸನಗಳಲ್ಲಿ ಮಲಯಾಳಿ ಬಂದರೆ ಜುಗ್ಗ, ಬ್ಯಾರಿ ಬಂದರೆ ವ್ಯಾಪಾರಿ, ಉತ್ತರ ಕರ್ನಾಟಕದವನು ಬಂದರೆ ಒರಟ. ಬರೆದವರಿಗೆ, ನಕ್ಕವರಿಗೆ ಯಾರ ಮೇಲೂ ದ್ವೇಷವಿಲ್ಲ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಈ ಲೇಖನದ ವಾದವೇ ಅದು: ದ್ವೇಷವಿಲ್ಲದಿರುವುದು ಸಾಕಾಗುವುದಿಲ್ಲ.

ನಾವೂ ಈ ಅಚ್ಚಿನಿಂದ ಹೊರಗಿಲ್ಲ. ಊರಿಗೆ ಹೋದರೆ ನಾವು ‘ಗಲ್ಫಿನವರು’: ಕೈತುಂಬ ಹಣ, ಮೈತುಂಬ ಸೆಂಟು. ಮೊದಲ ತಾರೀಖಿಗೆ ಸಂಬಳ ಕಳುಹಿಸಿ ತಿಂಗಳು ಪೂರ್ತಿ ಕುಬ್ಬೂಸು ತಿಂದು ದಿನ ದೂಡುವವನಿಗೆ ಆ ಅಚ್ಚು ಎಷ್ಟು ಚುಚ್ಚುತ್ತದೆಂದು ನಮಗೆ ಗೊತ್ತು. ಗೊತ್ತಿದ್ದೂ ಬೇರೆಯವರಿಗೆ ಒತ್ತುವಾಗ ಕೈ ನಡುಗುವುದಿಲ್ಲ.

ದಡದಲ್ಲಿ ಎರಡನೆಯ ಮನುಷ್ಯ

ಹಾಗಾದರೆ ದಾರಿ ಏನು? ಎಲ್ಲರ ಮನಸ್ಸು ಶುದ್ಧವಾಗಲಿ ಎಂದು ಕಾಯಬೇಕಾಗಿಲ್ಲ. ರೂಢಿಯಿಂದ ಬದುಕುವುದು ರೂಢಿ ಬದಲಾದರೆ ಸಡಿಲವಾಗುತ್ತದೆ. ಬಹರೈನ್ ಸರಕಾರ 2007ರಿಂದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿತು. 2025ರಲ್ಲಿ ಅದನ್ನು ಜೂನ್ 15ರಿಂದ ಮೂರು ತಿಂಗಳಿಗೆ ವಿಸ್ತರಿಸಿತು. ಕಾರ್ಮಿಕನ ಬಗ್ಗೆ ಯಾವ ಗುತ್ತಿಗೆದಾರನ ಅಭಿಪ್ರಾಯ ಏನೇ ಇರಲಿ, ಆ ನಾಲ್ಕು ಗಂಟೆ ನೆರಳು ಸಿಕ್ಕಿತು. ಭೂಮಿಯ ಒಡೆತನದ ಪದ್ಧತಿ ಬದಲಾಗಿದ್ದರೆ ಚೋಮನಿಗೂ ಸಂಕಪ್ಪಯ್ಯನ ಮನಪರಿವರ್ತನೆ ಬೇಕಾಗುತ್ತಿರಲಿಲ್ಲ.

ಕಾನೂನು ಮುಟ್ಟದ ಜಾಗಗಳಿವೆ: ಊಟದ ಮೇಜು, ಮದುವೆಯ ಮಾತುಕತೆ, ನಮ್ಮ ವೇದಿಕೆ. ಅಲ್ಲಿಗೆ ಸಾಲಮನ್ ಆಶ್ ಅವರು 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಭರವಸೆ ಕೊಡುತ್ತವೆ. ಗೆರೆಗಳ ಉದ್ದವನ್ನು ಹೋಲಿಸುವ ತೀರಾ ಸುಲಭದ ಪ್ರಶ್ನೆಗೆ ಸುತ್ತಲಿದ್ದವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಪ್ರಯೋಗಕ್ಕೆ ಒಳಗಾದವರು ಸುಮಾರು ಮೂರರಲ್ಲಿ ಒಂದು ಸಲ ತಮ್ಮ ಕಣ್ಣನ್ನೇ ಬಿಟ್ಟು ಗುಂಪಿನ ಉತ್ತರ ಕೊಟ್ಟರು. ಆದರೆ ಗುಂಪಿನಲ್ಲಿ ಬೇರೆ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಈ ಮಣಿಯುವಿಕೆ ಬಹಳ ಕಡಿಮೆಯಾಯಿತು. ಬಹುಮತ ಬೇಕಾಗಲಿಲ್ಲ, ಜೊತೆಗೊಬ್ಬ ಸಾಕಾಯಿತು. ನೀಲ ಮುಳುಗಿದ ಹೊಳೆಯ ದಡದಲ್ಲಿ ಇಲ್ಲದಿದ್ದದ್ದು ಈ ಎರಡನೆಯ ಮನುಷ್ಯ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮಕ್ಕಳು. ಇಲ್ಲಿ ಬೆಳೆಯುವ ಮಗುವಿನ ತರಗತಿಯಲ್ಲಿ ಹತ್ತು ಕಡೆಯ ಮಕ್ಕಳಿದ್ದಾರೆ. ಹಗಲಲ್ಲಿ ಗೆಳೆಯನಾಗಿದ್ದವನ ಕುಲ, ದೇಶ, ಮತದ ಬಗ್ಗೆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಮ್ಮ ಆಡುವ ಒಂದು ಲಘುವಾದ ಮಾತು ಅದರ ಕಿವಿಗೆ ಬೀಳುತ್ತದೆ. ಆಗ ಅಜ್ಜನೋ ಅಜ್ಜಿಯೋ “ಹಾಗೆನ್ನಬೇಡಪ್ಪಾ, ನಮಗೆ ಗೊತ್ತಿರುವ ಒಬ್ಬರಿಂದ ಎಲ್ಲರನ್ನೂ ಅಳೆಯಬಾರದು” ಎಂದರೆ, ದೊಡ್ಡವರ ಅಭಿಪ್ರಾಯ ಬದಲಾಗದಿದ್ದರೂ ಮಗುವಿಗೆ ಜೊತೆಗೊಬ್ಬರು ಸಿಕ್ಕ ಹಾಗಾಯಿತು.

ಸಂಘದ ಮಟ್ಟದಲ್ಲಿ ಎರಡು ಸಣ್ಣ ಸಲಹೆಗಳು. ಮುಂದಿನ ಬಾರಿ ಪ್ರಹಸನ ಆರಿಸುವಾಗ, ಅದರಲ್ಲಿ ಗೇಲಿಗೊಳಗಾಗುವ ಸಮುದಾಯದ ನಮ್ಮದೇ ಸದಸ್ಯರೊಬ್ಬರಿಗೆ ಮೊದಲು ಓದಲು ಕೊಡೋಣ. ಮತ್ತು ಹಿರಿಯ ಮಕ್ಕಳ ಕನ್ನಡ ತರಗತಿಯಲ್ಲಿ ‘ಚೋಮನ ದುಡಿ’ಯನ್ನೂ ‘ಒಡಲಾಳ’ವನ್ನೂ ಒಂದರ ನಂತರ ಒಂದು ಓದಿಸೋಣ. ಚೋಮನಿಗಾಗಿ ಅತ್ತರೆ ಸಾಲದು. ಸಂಕಪ್ಪಯ್ಯ ಆ ದಿನ ತಾಯಿಗೆ ಏನು ಹೇಳಬಹುದಿತ್ತು ಎಂದು ಮಕ್ಕಳನ್ನು ಕೇಳೋಣ. ಅವರ ಉತ್ತರವನ್ನು ಹಿರಿಯರೂ ಕೂತು ಕೇಳಿಸಿಕೊಳ್ಳೋಣ.